ಓಟದ ಕಾರಿಗೆ ಇಂಧನದ ಅಳತೆ

2014ರ ಮಾರ್ಚ್ 16, ಭಾನುವಾರ. ಮೆಲ್ಬರ್ನ್‌ನ ಆಲ್ಬರ್ಟ್ ಪಾರ್ಕಿನಲ್ಲಿ ಆ ವರ್ಷದ ಮೊದಲ ಫಾರ್ಮುಲಾ ಒನ್ ರೇಸು. ಆಗಷ್ಟೇ ರೆಡ್ ಬುಲ್ ತಂಡ ಸೇರಿದ್ದ ಡೇನಿಯಲ್ ರಿಕಿಯಾರ್ಡೊ ತನ್ನ ನಾಡಿನ ಜನರೆದುರು ಎರಡನೆಯವನಾಗಿ ಗುರಿ ಮುಟ್ಟಿದ, ವೇದಿಕೆ ಹತ್ತಿ ಕೈ ಬೀಸಿದ. ಕತ್ತಲಾದ ಮೇಲೆ ತೀರ್ಪು ಬಂತು. ಫಲಿತಾಂಶದ ಪಟ್ಟಿಯಿಂದ ಅವನ ಹೆಸರನ್ನೇ ತೆಗೆದುಹಾಕಿದ್ದರು. ಅವನು ಯಾರಿಗೂ ಡಿಕ್ಕಿ ಹೊಡೆದಿರಲಿಲ್ಲ, ಅಡ್ಡದಾರಿ ಹಿಡಿದಿರಲಿಲ್ಲ. ಅವನ ಎಂಜಿನ್ ಗಂಟೆಗೆ ನೂರು ಕಿಲೊ ಎಂಬ ಮಿತಿ ಮೀರಿ ಪೆಟ್ರೋಲ್ ಕುಡಿದಿತ್ತು. ಓಟದ ಆಡಳಿತ ಸಂಸ್ಥೆ ಎಫ್‌ಐಎ ಕೊಟ್ಟ ಮಾಪಕವೇ ಸರಿಯಿಲ್ಲ, ನಮ್ಮ ಲೆಕ್ಕವೇ ಸರಿ ಎಂದು ತಂಡ ವಾದಿಸಿತು. ಏಪ್ರಿಲ್‌ನಲ್ಲಿ ಪ್ಯಾರಿಸ್‌ನಲ್ಲಿ ನಡೆದ ಮೇಲ್ಮನವಿಯಲ್ಲೂ ಆ ವಾದ ಗೆಲ್ಲಲಿಲ್ಲ.

ವೇಗವೇ ಉಸಿರಾದ ಆಟದಲ್ಲಿ ಇಂಧನ ಜಾಸ್ತಿ ಸುಟ್ಟದ್ದೇ ತಪ್ಪಾಯಿತು. ಎಂಜಿನ್ನಿನ ನಿಯಮ ಬದಲಿಸಿ ಕಾರು ಓಟವನ್ನು ಹಸಿರಾಗಿಸಬಹುದೇ ಎಂಬ ವಾದ ಅದಕ್ಕೂ ಮೊದಲೇ ಶುರುವಾಗಿತ್ತು, ಇನ್ನೂ ಮುಗಿದಿಲ್ಲ. ಓಡಿಸುವುದಕ್ಕಾಗಿಯೇ ಓಡಿಸುವ ಕಾರಿಗೆ ಯಾವ ಎಂಜಿನ್ ಇಟ್ಟರೂ ದಂಡವೇ ಎನ್ನುವವರಿದ್ದಾರೆ. ಇಂದು ಓಟದ ಕಾರಿನಲ್ಲಿ ಕಲಿತದ್ದು ನಾಳೆ ನಿಮ್ಮ ಮನೆಮುಂದಿನ ಕಾರಿಗೆ ಇಳಿಯುತ್ತದೆ ಎನ್ನುವ ಕಂಪನಿಗಳಿವೆ. ಎಂಜಿನ್ ಎದೆ ನಡುಗುವಂತೆ ಗರ್ಜಿಸದಿದ್ದರೆ ಅದು ರೇಸೇ ಅಲ್ಲ ಎನ್ನುವ ಅಭಿಮಾನಿಗಳಿದ್ದಾರೆ. ಮೂರೂ ಮಾತಿನಲ್ಲಿ ತಿರುಳಿದೆ. ಆದರೆ ಇಷ್ಟು ವರ್ಷಗಳ ನಿಯಮಗಳನ್ನು ಸಾಲಾಗಿ ಹರಡಿ ನೋಡಿದರೆ ನನಗೆ ಕಾಣುವುದು ಬೇರೆ. ಇಷ್ಟೇ ಇಂಧನ ಎಂದು ಕಟ್ಟು ಹಾಕಿ, ದಾರಿ ಹುಡುಕುವ ಕೆಲಸವನ್ನು ಎಂಜಿನಿಯರುಗಳಿಗೆ ಬಿಟ್ಟಾಗಲೆಲ್ಲ ಈ ಆಟ ಲೋಕಕ್ಕೆ ಏನಾದರೊಂದನ್ನು ಕಲಿಸಿದೆ. ಯಂತ್ರ ಹೀಗೇ ಇರಬೇಕು ಎಂದು ನಿಯಮವೇ ಗೆರೆ ಎಳೆದುಕೊಟ್ಟಷ್ಟೂ ಆ ಕಲಿಕೆ ಸೊರಗಿದೆ.

ಇಂಧನಕ್ಕೆ ಕಟ್ಟು ಹಾಕುವುದು ಹೊಸ ಯೋಚನೆಯೇನಲ್ಲ. 1973ರ ತೈಲ ಬಿಕ್ಕಟ್ಟಿನ ನೆನಪು ಮಾಸುವ ಮೊದಲೇ, 1982ರಲ್ಲಿ, ದೂರದ ಓಟಗಳಿಗೆ ಗ್ರೂಪ್ ಸಿ ಎಂಬ ವರ್ಗ ಬಂತು. ಸಾವಿರ ಕಿಲೋಮೀಟರಿಗೆ ಆರುನೂರು ಲೀಟರು ಪೆಟ್ರೋಲ್. ಎಂಜಿನ್ ಎಂಥದ್ದಾದರೂ ಇರಲಿ. ಪೋರ್ಷೆ 956 ಈ ಲೆಕ್ಕವನ್ನು ಎಲ್ಲರಿಗಿಂತ ಮೊದಲು ಅರ್ಥಮಾಡಿಕೊಂಡಿತು. ಫಾರ್ಮುಲಾ ಒನ್‌ನಲ್ಲಿ 1984ರಲ್ಲಿ ಒಂದು ರೇಸಿಗೆ 220 ಲೀಟರು, 1986ರಲ್ಲಿ 195, 1988ರಲ್ಲಿ ಟರ್ಬೊ ಕಾರುಗಳಿಗೆ 150 ಲೀಟರು ಮಾತ್ರ. ಟರ್ಬೊಗಳನ್ನು ಹಣಿಯಲೆಂದೇ ಬಂದ ಕಟ್ಟುಪಾಡು ಅದು. ಹೋಂಡಾ ಎಂಜಿನಿಯರುಗಳು ಆ 150 ಲೀಟರಿನಲ್ಲೇ ಸೆನ್ನಾ ಮತ್ತು ಪ್ರೋಸ್ಟ್ ಓಡಿಸಿದ ಮೆಕ್‌ಲಾರೆನ್ ಕಾರಿಗೆ ಹದಿನಾರರಲ್ಲಿ ಹದಿನೈದು ರೇಸು ಗೆದ್ದುಕೊಟ್ಟರು. ಆಗ ಹಸಿರು ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲ. ಆದರೂ ಕಡಿಮೆ ಇಂಧನದಲ್ಲಿ ಹೆಚ್ಚು ಕೆಲಸ ತೆಗೆಯುವ ವಿದ್ಯೆ ಓಟದ ಮೈದಾನದಲ್ಲಿ ಬೆಳೆಯಬಲ್ಲದು ಎಂಬುದು ಅಂದೇ ಸಾಬೀತಾಯಿತು.

ಹಸಿರು ಎಂಬ ಹೆಸರಿನಲ್ಲೇ ನಿಯಮ ಬಂದದ್ದು 2009ರಲ್ಲಿ. ಎಫ್‌ಐಎ ಅಧ್ಯಕ್ಷರಾಗಿದ್ದ ಮ್ಯಾಕ್ಸ್ ಮೋಸ್ಲಿ ಒತ್ತಾಯದಿಂದ, ಬ್ರೇಕು ಹಾಕುವಾಗ ಬಿಸಿಯಾಗಿ ಹಾಳಾಗುವ ಶಕ್ತಿಯನ್ನು ಹಿಡಿದಿಟ್ಟು ಮತ್ತೆ ಬಳಸುವ ಕೆರ್ಸ್ ಎಂಬ ಸಲಕರಣೆಗೆ ಅವಕಾಶವಾಯಿತು. ಒಂದು ಸುತ್ತಿಗೆ ಆರೂವರೆ ಸೆಕೆಂಡಿಗಿಂತ ತುಸು ಹೆಚ್ಚು ಕಾಲ 60 ಕಿಲೋವಾಟ್, ಅಂದರೆ ಸುಮಾರು ಎಂಬತ್ತು ಅಶ್ವಶಕ್ತಿ, ಪುಕ್ಕಟೆಯಾಗಿ ಸಿಗುತ್ತಿತ್ತು. ಹಂಗೆರಿಯಲ್ಲಿ ಲೂಯಿಸ್ ಹ್ಯಾಮಿಲ್ಟನ್ ಅದರ ಬಲದಿಂದ ಗೆದ್ದದ್ದು ನಿಜ. ಆದರೆ ಆ ವರ್ಷದ ಚಾಂಪಿಯನ್‌ಪಟ್ಟ ಕೆರ್ಸ್ ಇಲ್ಲದ ಬ್ರಾನ್ ತಂಡಕ್ಕೆ ಹೋಯಿತು. ಮರುವರ್ಷ ತಂಡಗಳು ತಾವೇ ಒಪ್ಪಂದ ಮಾಡಿಕೊಂಡು ಅದನ್ನು ಬದಿಗಿಟ್ಟವು, 2011ರಲ್ಲಿ ಮತ್ತೆ ತಂದವು. ವಿಲಿಯಮ್ಸ್ ತಂಡ ಬ್ಯಾಟರಿಯ ಬದಲು ರಭಸದಿಂದ ತಿರುಗುವ ಗಾಲಿಯಲ್ಲಿ ಶಕ್ತಿ ಕೂಡಿಡುವ ಯಂತ್ರ ಮಾಡಿತ್ತು. ಫಾರ್ಮುಲಾ ಒನ್ ರೇಸಿನಲ್ಲಿ ಒಮ್ಮೆಯೂ ಓಡದ ಆ ಗಾಲಿ ಮುಂದೆ ಆಡಿಯ ಲೆ ಮಾನ್ ಕಾರಿನಲ್ಲಿ ಗೆದ್ದಿತು, ಲಂಡನ್ನಿನ ಬಸ್ಸುಗಳಿಗೂ ಹೋಯಿತು. ನಿಂತು ನಿಂತು ಹೊರಡುವ ಊರ ಬಸ್ಸಿಗೆ ಬ್ರೇಕಿನ ಶಕ್ತಿಯನ್ನು ಉಳಿಸುವಷ್ಟು ಒಪ್ಪುವ ಉಪಾಯ ಇನ್ನೊಂದಿಲ್ಲ. ಓಟದಿಂದ ಬೀದಿಗೆ ಇಳಿದ ವಿದ್ಯೆ ಎಂದು ಹೇಳುವಾಗ ನನಗೆ ಮೊದಲು ನೆನಪಾಗುವುದು ಈ ಬಸ್ಸು.

2010ರ ಡಿಸೆಂಬರಿನಲ್ಲಿ ಎಫ್‌ಐಎ ಇನ್ನೂ ದೊಡ್ಡ ಹೆಜ್ಜೆ ಇಟ್ಟಿತು. 2013ರಿಂದ ನಾಲ್ಕು ಸಿಲಿಂಡರಿನ 1.6 ಲೀಟರು ಟರ್ಬೊ ಎಂಜಿನ್, ಇಂಧನ ಬಳಕೆಯಲ್ಲಿ ಶೇ 35ರಷ್ಟು ಇಳಿತ ಎಂದು ಘೋಷಿಸಿತು. ಆಗ ಅಧ್ಯಕ್ಷರು ಜಾನ್ ಟೋಡ್. ಫೆರಾರಿ ಒಪ್ಪಲಿಲ್ಲ, ಫಾರ್ಮುಲಾ ಒನ್ ವ್ಯಾಪಾರ ನಡೆಸುತ್ತಿದ್ದ ಬರ್ನಿ ಎಕಲ್‌ಸ್ಟೋನ್ ಒಪ್ಪಲಿಲ್ಲ. ಇತ್ತ ರೆನೊ, ಜನ ಕೊಳ್ಳುವ ಕಾರಿಗೆ ಸಂಬಂಧವಿಲ್ಲದ ಎಂಜಿನ್ ಮಾಡುವುದಾದರೆ ನಾವೇಕೆ ಇಲ್ಲಿರಬೇಕು ಎಂದು ಪಟ್ಟು ಹಿಡಿಯಿತು. ಕೊನೆಗೆ ಆರು ಸಿಲಿಂಡರಿಗೆ ರಾಜಿಯಾಗಿ, 2014ಕ್ಕೆ ಮುಂದೂಡಿಕೆಯಾಯಿತು. ನಾಲ್ಕೋ ಆರೋ ಎಂಬ ಈ ಜಗಳದ ಮರೆಯಲ್ಲಿ, ಅದಕ್ಕಿಂತ ಎಷ್ಟೋ ದೊಡ್ಡ ಸಂಗತಿ ಸದ್ದಿಲ್ಲದೆ ನಿಯಮದ ಪುಸ್ತಕ ಸೇರಿತು. ಇಡೀ ರೇಸಿಗೆ ನೂರು ಕಿಲೊ ಇಂಧನ ಮಾತ್ರ. ಯಾವ ಗಳಿಗೆಯಲ್ಲೂ ಗಂಟೆಗೆ ನೂರು ಕಿಲೊಗಿಂತ ಹೆಚ್ಚು ಹರಿಯುವಂತಿಲ್ಲ. ಹಿಂದಿನ ವರ್ಷದವರೆಗೆ ಓಡಿದ ಎಂಟು ಸಿಲಿಂಡರಿನ ಕಾರು ಒಂದು ರೇಸಿಗೆ ನೂರೈವತ್ತು ಕಿಲೊಗೂ ಮೀರಿ ಸುಡುತ್ತಿತ್ತು.

ಇದರಿಂದ ಎಂಜಿನಿಯರನ ಪ್ರಶ್ನೆಯೇ ತಿರುಗಿಬಿದ್ದಿತು. ಎಷ್ಟು ಗಾಳಿ ಎಳೆದು, ಎಷ್ಟು ಪೆಟ್ರೋಲ್ ಸುಟ್ಟು, ಎಷ್ಟು ವೇಗವಾಗಿ ತಿರುಗಿಸಲಿ ಎಂದು ಕೇಳುತ್ತಿದ್ದವನು, ಈಗ ಪ್ರತಿ ಹನಿಯಿಂದ ಇನ್ನೆಷ್ಟು ಹಿಂಡಲಿ ಎಂದು ಕೇಳಬೇಕಾಯಿತು. ಈ ಮಾತು ಕನ್ನಡದ ಓದುಗರಿಗೆ ತೀರ ಹೊಸದಾಗಬೇಕಿಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ಅಸ್ತ್ರ ಕೇಂದ್ರದಿಂದ ಬಂದ ಅಸ್ತ್ರ ಒಲೆಯನ್ನು ನೆನೆಸಿಕೊಳ್ಳಿ. ಅದೇ ಸೌದೆ, ಅದೇ ಉರಿ. ಆದರೆ ಮೊದಲ ಪಾತ್ರೆ ದಾಟಿದ ಬಿಸಿ ಹೊಗೆ ನೇರ ಚಿಮಣಿಗೆ ಓಡದೆ ಎರಡನೇ ಪಾತ್ರೆಯ ತಳ ಸವರಿ, ಮೂರನೆಯದನ್ನು ಕಾಯಿಸಿ ಆಮೇಲೆ ಹೊರಗೆ ಹೋಗುತ್ತದೆ. 2014ರ ಫಾರ್ಮುಲಾ ಒನ್ ಎಂಜಿನ್ನಿನಲ್ಲಿದ್ದ ಎಂಜಿಯು-ಎಚ್ ಎಂಬ ಭಾಗ ಮಾಡುತ್ತಿದ್ದುದೂ ಇದೇ ಕೆಲಸ. ಎಂಜಿನ್ ಉಗುಳುವ ಬಿಸಿ ಹೊಗೆ ಟರ್ಬೊದ ಗಾಲಿಯನ್ನು ತಿರುಗಿಸುತ್ತದೆ; ಆ ಗಾಲಿಯ ಅಚ್ಚಿಗೆ ಒಂದು ಪುಟ್ಟ ವಿದ್ಯುತ್ ಜನಕ ಕಟ್ಟಿ, ಹೊಗೆಯಲ್ಲಿ ಉಳಿದ ಶಕ್ತಿಯನ್ನು ಕರೆಂಟಾಗಿ ಹಿಂದಕ್ಕೆ ಪಡೆಯುವುದು. ಬ್ರೇಕಿನಿಂದ ಸಿಗುವ ಶಕ್ತಿ ಬ್ರೇಕು ಒತ್ತಿದಾಗ ಮಾತ್ರ. ಹೊಗೆಯಿಂದ ಸಿಗುವುದು ನೇರ ದಾರಿಯಲ್ಲಿ ಪೂರ್ತಿ ವೇಗದಲ್ಲಿ ಓಡುವಾಗಲೂ ಸಿಗುತ್ತದೆ.

ಫಲ ಬೆರಗು ಹುಟ್ಟಿಸುವಂಥದ್ದು. ಹಳೆಯ ಎಂಟು ಸಿಲಿಂಡರಿನ ಎಂಜಿನ್ ಪೆಟ್ರೋಲಿನ ಶಕ್ತಿಯಲ್ಲಿ ಮೂರನೇ ಒಂದು ಪಾಲನ್ನೂ ಚಕ್ರಕ್ಕೆ ತಲುಪಿಸುತ್ತಿರಲಿಲ್ಲ. 2017ರಲ್ಲಿ ಇಂಗ್ಲೆಂಡಿನ ಬ್ರಿಕ್ಸ್‌ವರ್ತ್‌ನಲ್ಲಿ ಮರ್ಸಿಡಿಸ್ ಎಂಜಿನ್ ಪರೀಕ್ಷೆಯ ಮೇಜಿನ ಮೇಲೆ ಶೇ 50 ದಾಟಿತು. ಸುಟ್ಟ ಇಂಧನದಲ್ಲಿ ಬಿಸಿಯಾಗಿ ಹೋದದ್ದಕ್ಕಿಂತ ಕೆಲಸವಾದದ್ದೇ ಹೆಚ್ಚು. ಕಾರಿನ ಎಂಜಿನ್ ಹುಟ್ಟಿ ನೂರಿಪ್ಪತ್ತು ವರ್ಷ ದಾಟಿದ ಮೇಲೆ ಆರೇಳು ವರ್ಷಗಳಲ್ಲಿ ಆದ ಜಿಗಿತ ಇದು. ಯಾವ ಸರ್ಕಾರವೂ ಆಜ್ಞೆ ಹೊರಡಿಸಿ ಇದನ್ನು ಮಾಡಿಸಿರಲಿಲ್ಲ. ಒಂದು ಆಟದ ನಿಯಮ ಮಾಡಿಸಿತು. ಓಟವನ್ನು ಒಟ್ಟಾರೆ ದಂಡ ಎನ್ನುವವರ ಜತೆ ನಾನು ಇಲ್ಲಿ ಒಪ್ಪುವುದಿಲ್ಲ.

ಬೆಲೆ ತೆರಬೇಕಾದದ್ದೂ ಇತ್ತು. ಮೊದಲನೆಯದು ಸದ್ದು. ನಿಮಿಷಕ್ಕೆ ಹದಿನೆಂಟು ಸಾವಿರ ಸುತ್ತು ತಿರುಗುತ್ತಿದ್ದ ಎಂಜಿನ್ ಹೋಗಿ ಹನ್ನೆರಡು ಸಾವಿರದ ಆಸುಪಾಸಿನದು ಬಂತು. ಹೊಗೆಯ ಶಕ್ತಿಯನ್ನು ಹೀರಿಕೊಂಡ ಮೇಲೆ ಕಿವಿಗೆ ಉಳಿಯುವುದಾದರೂ ಎಷ್ಟು? ಮೆಲ್ಬರ್ನ್ ರೇಸಿನ ಸಂಘಟಕರು ಮೊದಲ ವಾರವೇ ದೂರಿದರು. ಮೇ ತಿಂಗಳಲ್ಲಿ ಬಾರ್ಸಿಲೋನಾದಲ್ಲಿ ಮರ್ಸಿಡಿಸ್ ಕಾರಿನ ಹಿಂದೆ ಕಹಳೆಯಂಥ ಕೊಳವೆ ಕಟ್ಟಿ ನೋಡಿದರು, ಪ್ರಯೋಜನವಾಗಲಿಲ್ಲ. ಸದ್ದು ಎಂದರೆ ವ್ಯರ್ಥವಾದ ಶಕ್ತಿ ಎಂಬ ವಿಜ್ಞಾನದ ಮಾತು ಸರಿಯೇ. ಆದರೂ 2011ರಲ್ಲಿ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ ಆ ಎಂಜಿನ್ನುಗಳನ್ನು ಕಿವಿಯಾರೆ ಕೇಳಿದವರ ಬೇಸರವನ್ನು ನಾನು ತಳ್ಳಿಹಾಕಲಾರೆ. ಚೆಂಡೆಯ ಪೆಟ್ಟು ತಗ್ಗಿಸಿದ ಯಕ್ಷಗಾನದಲ್ಲಿ ಕಥೆ ಅದೇ ಇರಬಹುದು, ಮೈಯಲ್ಲಿ ಏಳುವ ಝುಮ್ಮು ಅದೇ ಇರುವುದಿಲ್ಲ.

ಎರಡನೆಯದು ದುಡ್ಡು, ಇದು ಸದ್ದಿಗಿಂತ ಗಂಭೀರ. ಹೊಸ ಎಂಜಿನ್ನಿಗೆ ಸಣ್ಣ ತಂಡಗಳು ತೆರಬೇಕಾದ ಹಣ ದುಪ್ಪಟ್ಟಿಗೂ ಹೆಚ್ಚಾಯಿತು. 2014ರ ಅಕ್ಟೋಬರಿನಲ್ಲಿ ಕೇಟರ್‌ಹ್ಯಾಮ್, ಮಾರೂಷಿಯಾ ಎರಡೂ ತಂಡಗಳು ದಿವಾಳಿಯ ದವಡೆಗೆ ಬಿದ್ದವು. ಎಂಜಿನ್ ಬೆಲೆಯೊಂದೇ ಕಾರಣವಲ್ಲದಿದ್ದರೂ ಅದೂ ಒಂದು ಕಾರಣ. ಮರುವರ್ಷ ಬೆಂಗಳೂರಿನ ವಿಜಯ್ ಮಲ್ಯ ಸಹ-ಒಡೆತನದಲ್ಲಿದ್ದ ಫೋರ್ಸ್ ಇಂಡಿಯಾ, ಸೌಬರ್ ಜತೆಗೂಡಿ, ಹಣ ಹಂಚಿಕೆ ಅನ್ಯಾಯದ್ದೆಂದು ಯುರೋಪಿಯನ್ ಒಕ್ಕೂಟಕ್ಕೆ ದೂರು ಕೊಟ್ಟಿತು. ಮರ್ಸಿಡಿಸ್ 2014ರಿಂದ 2021ರವರೆಗೆ ಸತತ ಎಂಟು ವರ್ಷ ತಂಡಗಳ ಚಾಂಪಿಯನ್ ಆಯಿತು. ಅಷ್ಟು ಕಠಿಣ ಯಂತ್ರವನ್ನು ಮೊದಲೇ ಪಳಗಿಸಿದವನನ್ನು ಹಿಡಿಯುವುದು ಉಳಿದವರಿಗೆ ಕಷ್ಟವಾಯಿತು.

ಅದೇ 2014ರಲ್ಲಿ ಲೆ ಮಾನ್‌ನಲ್ಲಿ ನಡೆದದ್ದು ನನ್ನ ಮಟ್ಟಿಗೆ ಈ ಇಡೀ ಚರ್ಚೆಯ ಹೃದಯ. ಇಪ್ಪತ್ತನಾಲ್ಕು ಗಂಟೆಯ ಆ ಓಟದ ಮೇಲ್ದರ್ಜೆಯ ಕಾರುಗಳಿಗೆ ಒಂದು ಸುತ್ತಿಗೆ ಇಷ್ಟು ಶಕ್ತಿ ಎಂದು ಗೊತ್ತುಮಾಡಿದರು. ಹಿಂದಿಗಿಂತ ಸುಮಾರು ಮೂವತ್ತು ಶೇಕಡ ಕಡಿಮೆ ಇಂಧನ. ಉಳಿದದ್ದಕ್ಕೆ ಹೆಚ್ಚು ಕಟ್ಟುಪಾಡಿಲ್ಲ. ಆಡಿ ಡೀಸೆಲ್ ವಿ6 ಎಂಜಿನ್ನಿಗೆ ತಿರುಗುವ ಗಾಲಿ ಜೋಡಿಸಿ ತಂದಿತು. ಟೊಯೊಟ ದೊಡ್ಡ ಪೆಟ್ರೋಲ್ ವಿ8ಕ್ಕೆ ಸೂಪರ್ ಕೆಪಾಸಿಟರ್ ಕಟ್ಟಿತು. ಪೋರ್ಷೆ ಎರಡೇ ಲೀಟರಿನ ನಾಲ್ಕು ಸಿಲಿಂಡರು, ಲಿಥಿಯಂ ಬ್ಯಾಟರಿ, ಜತೆಗೆ ಹೊಗೆಯಿಂದ ವಿದ್ಯುತ್ ತೆಗೆಯುವ ಟರ್ಬೈನ್ ಹಿಡಿದು ಬಂತು. ಮೂರು ತಂಡ, ಮೂರು ನಂಬಿಕೆ, ಒಂದೇ ಅಳತೆ. ಆ ವರ್ಷದ ಲೆ ಮಾನ್ ಆಡಿಗೆ, ವರ್ಷದ ಚಾಂಪಿಯನ್‌ಪಟ್ಟ ಟೊಯೊಟಗೆ, ಮುಂದಿನ ಮೂರು ಲೆ ಮಾನ್ ಪೋರ್ಷೆಗೆ. ಪೋರ್ಷೆ ಆ ಕಾರಿಗೆ ಬಳಸಿದ 800 ವೋಲ್ಟಿನ ವಿದ್ಯುತ್ ವ್ಯವಸ್ಥೆ ಮುಂದೆ ಅದರ ಟೈಕಾನ್ ವಿದ್ಯುತ್ ಕಾರಿಗೆ ಇಳಿಯಿತು. ಆದರೆ ಈ ಹಬ್ಬ ಬೇಗ ಮುಗಿಯಿತು. ಖರ್ಚು ಮುಗಿಲು ಮುಟ್ಟಿತ್ತು. 2015ರಲ್ಲಿ ಆಡಿ, ಪೋರ್ಷೆ ಎರಡೂ ಸೇರಿದ್ದ ಫೋಕ್ಸ್‌ವ್ಯಾಗನ್ ಸಮೂಹದ ಡೀಸೆಲ್ ಹೊಗೆ ವಂಚನೆ ಬಯಲಾಯಿತು; ಮರುವರ್ಷ ಆಡಿ ಹೊರಟಿತು, 2017ರಲ್ಲಿ ಪೋರ್ಷೆ ಹೊರಟಿತು. ಅದೇ ಸಮೂಹ ಬೀದಿಯ ಕಾರಿನಲ್ಲಿ ಹೊಗೆಯ ಪರೀಕ್ಷೆಗೆ ಮೋಸ ಮಾಡಿದ್ದು, ಓಟದಲ್ಲಿ ಕಲಿತದ್ದು ಬೀದಿಗೆ ತಾನಾಗಿ ಇಳಿಯುತ್ತದೆ ಎಂಬ ಮಾತಿಗೆ ಬಿದ್ದ ದೊಡ್ಡ ಏಟು. ಬೀದಿಯ ಕಾರಿಗೂ ಅಷ್ಟೇ ಬಿಗಿಯಾದ ಮಾಪಕ, ಅಷ್ಟೇ ನಿಷ್ಠುರ ತೀರ್ಪುಗಾರ ಬೇಕು.

2019ರ ನವೆಂಬರಿನಲ್ಲಿ ಫಾರ್ಮುಲಾ ಒನ್ ತನ್ನ ಇಂಗಾಲದ ಲೆಕ್ಕವನ್ನು ತಾನೇ ಹೊರಗಿಟ್ಟಿತು. 2030ರೊಳಗೆ ನೆಟ್ ಝೀರೊ ಎಂಬ ಗುರಿಯ ಜತೆಗೆ ಬಂದ ಆ ಅಂಕಿ ನೋಡಿ: 2018ರಲ್ಲಿ ಒಟ್ಟು 2,56,551 ಟನ್. ಅದರಲ್ಲಿ ಎಂಜಿನ್ನುಗಳ ಪಾಲು ಶೇ 0.7. ಕಾರು, ಟೈರು, ಸಲಕರಣೆಗಳನ್ನು ದೇಶದಿಂದ ದೇಶಕ್ಕೆ ಸಾಗಿಸಿದ್ದು ಶೇ 45. ಕೆಲಸಕ್ಕಾಗಿ ಜನರ ಓಡಾಟ ಶೇ 27.7. ಕಾರ್ಖಾನೆ ಮತ್ತು ಕಚೇರಿಗಳು ಶೇ 19.3. ರೇಸು ನಡೆಸುವ ಖರ್ಚು ಶೇ 7.3. ನೋಡಲು ಬರುವ ಲಕ್ಷಾಂತರ ಪ್ರೇಕ್ಷಕರ ಪ್ರಯಾಣ ಈ ಲೆಕ್ಕದಲ್ಲೇ ಇಲ್ಲ.

ಹಾಗಾದರೆ ಎಂಜಿನ್ ಬಗ್ಗೆ ಇಷ್ಟೆಲ್ಲ ಜಗಳವೇಕೆ? ಹಾಳಾದ ತೊಲೆ ಬಿಟ್ಟು ಕಿಟಕಿಗೆ ಬಣ್ಣ ಹೊಡೆದಂತಾಯಿತಲ್ಲ ಎಂದು ಕೇಳುವವರನ್ನು ಸುಮ್ಮನಾಗಿಸುವುದು ಕಷ್ಟ. ಸೆಬಾಸ್ಟಿಯನ್ ವೆಟಲ್ ಇದನ್ನು ಮೈದಾನದ ಒಳಗಿನಿಂದಲೇ ಕೇಳಿದ. ನಾಲ್ಕು ಬಾರಿಯ ಚಾಂಪಿಯನ್ ಆದ ಅವನು, ಹವಾಮಾನದ ಮಾತಾಡುತ್ತಲೇ ತಾನೂ ಈ ಆಟದಲ್ಲಿರುವುದು ಆಷಾಢಭೂತಿತನ ಎಂದು 2022ರ ಮೇ ತಿಂಗಳಲ್ಲಿ ಬಿಬಿಸಿಯಲ್ಲಿ ಒಪ್ಪಿಕೊಂಡ. ಜುಲೈನಲ್ಲಿ ತನ್ನದೇ ಸಂಗ್ರಹದ 1992ರ ವಿಲಿಯಮ್ಸ್ ಎಫ್‌ಡಬ್ಲ್ಯೂ14ಬಿ ಕಾರನ್ನು ಪಳೆಯುಳಿಕೆಯಲ್ಲದ ಇಂಧನ ಹಾಕಿ ಸಿಲ್ವರ್‌ಸ್ಟೋನ್‌ನಲ್ಲಿ ಓಡಿಸಿದ. ಹಳೆಯ ವಿ10 ಎಂಜಿನ್, ಹಳೆಯ ಗರ್ಜನೆ, ಹೊಸ ಇಂಧನ. ಅದೇ ವರ್ಷದ ಕೊನೆಗೆ ನಿವೃತ್ತನಾದ.

ಎಂಜಿನ್ ಬದಲಿಸದೆ ಇಂಧನ ಬದಲಿಸಿದರೆ ಸಾಲದೇ ಎಂಬ ವಾದದ ಬೇರು ಇಲ್ಲಿದೆ. ಅಮೆರಿಕದ ಇಂಡಿಕಾರ್ ಈ ದಾರಿಯಲ್ಲಿ ಬಹಳ ಮುಂದೆ. 2007ರಲ್ಲೇ ಪೂರ್ತಿ ಎಥೆನಾಲಿಗೆ ಹೋದ ಆ ಓಟ, 2023ರಿಂದ ಕಬ್ಬಿನ ತ್ಯಾಜ್ಯದಿಂದ ಮಾಡಿದ ಎಥೆನಾಲೇ ಮುಖ್ಯವಾಗಿರುವ ಇಂಧನ ಬಳಸುತ್ತಿದೆ. ಮಂಡ್ಯದ ಗದ್ದೆಗಳನ್ನು ಕಂಡವರು ಈ ಸುದ್ದಿಯನ್ನು ಎಚ್ಚರದಿಂದ ಓದಬೇಕು. ಕಬ್ಬಿನ ಹಾಲು ಹಿಂಡಿದ ಮೇಲೆ ಉಳಿದ ಸಿಪ್ಪೆ, ಸೋಗೆಗಳಿಂದ ಮಾಡಿದ ಎಥೆನಾಲ್ ಬೇರೆ. ಕಬ್ಬಿನ ಹಾಲಿನಿಂದಲೋ ಕಾಕಂಬಿಯಿಂದಲೋ ಮಾಡಿದ್ದು ಬೇರೆ. ಹಾಲಿನಿಂದ ಮಾಡುವುದಕ್ಕೆ ನೆಲ ಬೇಕು, ವರ್ಷವಿಡೀ ನೀರು ಬೇಕು, ಕಾವೇರಿಯ ಪ್ರತಿ ಟಿಎಂಸಿಗೂ ಜಗಳವಿರುವ ನಾಡಿನಲ್ಲಿ ಆ ನೀರಿನ ಲೆಕ್ಕ ಬರೆಯದೆ ಅದನ್ನು ಹಸಿರು ಎನ್ನಲಾಗದು. ನಮ್ಮ ಬಂಕುಗಳಲ್ಲಿ ಶೇ 20 ಎಥೆನಾಲ್ ಬೆರೆತ ಇ20 ಪೆಟ್ರೋಲ್ ಬಂದಾಗ ಮೈಲೇಜು ಇಳಿಯಿತೆಂದು ಗಾಡಿ ಇಟ್ಟವರು ದೂರಿದ್ದಕ್ಕೂ ಆಧಾರವಿದೆ. ಲೀಟರು ಲೀಟರಿಗೆ ಹೋಲಿಸಿದರೆ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಶಕ್ತಿ ಕಡಿಮೆ.

ಇನ್ನೊಂದು ಬಗೆ ಇ-ಇಂಧನ. ಗಾಳಿಯಂತ್ರದ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ ತೆಗೆದು, ಹಿಡಿದಿಟ್ಟ ಇಂಗಾಲದ ಜತೆ ಬೆರೆಸಿ ಪೆಟ್ರೋಲನ್ನೇ ಕಟ್ಟುವುದು. ಚಿಲಿ ದೇಶದ ದಕ್ಷಿಣ ತುದಿಯಲ್ಲಿ, ಗಾಳಿ ನಿಲ್ಲದೆ ಬೀಸುವ ಪುಂಟಾ ಅರೆನಾಸ್ ಬಳಿ, ಪೋರ್ಷೆ ಪಾಲುದಾರಿಕೆಯ ಇಂಥ ಘಟಕ 2022ರ ಡಿಸೆಂಬರಿನಲ್ಲಿ ಶುರುವಾಯಿತು. ವಿದ್ಯೆ ದೊಡ್ಡದು, ಇಳುವರಿ ಚಿಕ್ಕದು. ಅದೇ ವಿದ್ಯುತ್ತನ್ನು ನೇರವಾಗಿ ಬ್ಯಾಟರಿಗೆ ತುಂಬಿದರೆ ಸರಿಸುಮಾರು ಮುಕ್ಕಾಲು ಪಾಲು ಚಕ್ರಕ್ಕೆ ಮುಟ್ಟುತ್ತದೆ. ಪೆಟ್ರೋಲಾಗಿಸಿ ಸುಟ್ಟರೆ ಆರರಲ್ಲಿ ಒಂದು ಪಾಲು. ಓಟಕ್ಕೆ, ವಿಮಾನಕ್ಕೆ, ಹಡಗಿಗೆ ಇದು ಬೇಕಾದೀತು. ಕೋಟ್ಯಂತರ ಕಾರುಗಳಿಗೆ ಇದೇ ದಾರಿ ಎಂದು ಓಟದ ಹೆಸರಿನಲ್ಲಿ ನಂಬಿಸುವುದು ತಪ್ಪು.

ಪೂರ್ತಿ ವಿದ್ಯುತ್ತಿನ ದಾರಿ ಹಿಡಿದದ್ದು ಫಾರ್ಮುಲಾ ಇ. 2014ರ ಸೆಪ್ಟೆಂಬರಿನಲ್ಲಿ ಬೀಜಿಂಗಿನಲ್ಲಿ ಶುರುವಾದಾಗ ಬ್ಯಾಟರಿ ಅರ್ಧ ರೇಸಿಗೆ ಖಾಲಿಯಾಗಿ ಚಾಲಕರು ಇನ್ನೊಂದು ಕಾರಿಗೆ ಹಾರಬೇಕಿತ್ತು. ನಾಲ್ಕೇ ವರ್ಷಗಳಲ್ಲಿ ಒಂದೇ ಕಾರು ಪೂರ್ತಿ ಓಡುವಂತಾಯಿತು. ಮೂರನೇ ತಲೆಮಾರಿನ ಕಾರು ರೇಸಿಗೆ ಬೇಕಾದ ಶಕ್ತಿಯಲ್ಲಿ ಶೇ 40ರಷ್ಟನ್ನು ಬ್ರೇಕಿನಿಂದಲೇ ಮರಳಿ ಪಡೆಯುತ್ತದೆ. ಬೆಂಗಳೂರಿನ ಚೇತನ್ ಮೈನಿಯವರ ರೇವಾ ಕಂಪನಿಯನ್ನು ಕೊಂಡ ಮಹೀಂದ್ರ ಇದರಲ್ಲಿ ಮೊದಲ ವರ್ಷದಿಂದ ಇದೆ. 2023ರ ಫೆಬ್ರವರಿಯಲ್ಲಿ ಹೈದರಾಬಾದಿನ ಹುಸೇನ್ ಸಾಗರದ ದಡದಲ್ಲೂ ಒಂದು ರೇಸು ನಡೆಯಿತು. ಮರುವರ್ಷದ ರೇಸು, ಅಲ್ಲಿನ ಸರ್ಕಾರ ಬದಲಾದ ಮೇಲೆ, ರದ್ದಾಯಿತು. ಹಾಗೆಂದು ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಿಲ್ಲ. ವಿಶ್ವ ರ‍್ಯಾಲಿ 2022ರಲ್ಲಿ ತಂದ ಹೈಬ್ರಿಡ್ ಪೆಟ್ಟಿಗೆಯನ್ನು 2025ಕ್ಕೆ ಕಿತ್ತುಹಾಕಿತು, ಪಳೆಯುಳಿಕೆಯಲ್ಲದ ಇಂಧನ ಮಾತ್ರ ಉಳಿಯಿತು. ಚೇತನ್ ಅವರ ಅಣ್ಣನ ಮಗ ಕುಶ್ ಮೈನಿ 2025ರಲ್ಲಿ ಮೊನಾಕೊದ ಫಾರ್ಮುಲಾ 2 ಸ್ಪ್ರಿಂಟ್ ರೇಸು ಗೆದ್ದ ಕಾರಿನ ಟ್ಯಾಂಕಿನಲ್ಲಿದ್ದುದೂ ಅಂಥ ಇಂಧನವೇ.

2026ರ ಫಾರ್ಮುಲಾ ಒನ್ ನಿಯಮ ಈ ಎಲ್ಲ ದಾರಿಗಳನ್ನೂ ಒಂದೇ ಕಾರಿನಲ್ಲಿ ಕೂಡಿಸಲು ಹೊರಟಿದೆ. ಎಂಜಿನ್ ಸುಮಾರು 400 ಕಿಲೋವಾಟ್, ವಿದ್ಯುತ್ ಮೋಟಾರು 120ರಿಂದ 350 ಕಿಲೋವಾಟಿಗೆ ಏರಿಕೆ, ಪಳೆಯುಳಿಕೆಯಲ್ಲದ ಇಂಧನ, ಕನಿಷ್ಠ ತೂಕದಲ್ಲಿ ಮೂವತ್ತು ಕಿಲೊ ಇಳಿಕೆ. ಆಡಿ, ಫೋರ್ಡ್ ಬಂದವು. ಇಂಗಾಲಮುಕ್ತ ಗುರಿಗೆ ಗಮನ ಕೊಡಬೇಕೆಂದು 2020ರಲ್ಲಿ ವಿದಾಯ ಹೇಳಿದ್ದ ಹೋಂಡಾ ಮರಳಿತು. ರೆನೊ ಮಾತ್ರ ಎಂಜಿನ್ ಮಾಡುವುದನ್ನೇ ನಿಲ್ಲಿಸಿತು. ಹೊಸ ಕಂಪನಿಗಳನ್ನು ಕರೆತರಲು ತೆತ್ತ ಬೆಲೆ ಎಂಜಿಯು-ಎಚ್. ಕಲಿಯುವುದು ಕಷ್ಟ, ಖರ್ಚು ಹೆಚ್ಚು, ಮಾರುವ ಕಾರಿಗೆ ಒಗ್ಗುವುದಿಲ್ಲ ಎಂದು ಅದನ್ನು ತೆಗೆದರು. ಅಸ್ತ್ರ ಒಲೆಯ ಎರಡನೇ ಪಾತ್ರೆಯನ್ನೇ ಇಳಿಸಿಟ್ಟಂತಾಯಿತು. ಹೊಗೆಯಿಂದ ಬರುತ್ತಿದ್ದ ಕರೆಂಟು ನಿಂತ ಮೇಲೆ, ಮೂರು ಪಟ್ಟು ದೊಡ್ಡ ಮೋಟಾರಿಗೆ ಬೇಕಾದದ್ದೆಲ್ಲ ಬ್ರೇಕಿನಿಂದ, ಇಲ್ಲವೇ ಎಂಜಿನ್ನಿನಿಂದಲೇ ಬರಬೇಕು. ನೇರ ದಾರಿಯಲ್ಲಿ ಬ್ಯಾಟರಿ ಬರಿದಾಗಿ ಚಾಲಕ ವೇಗ ತಗ್ಗಿಸಬೇಕಾದೀತು ಎಂದು ಆಗಿನ ಚಾಂಪಿಯನ್ ಮ್ಯಾಕ್ಸ್ ವರ್‌ಸ್ಟಾಪನ್ 2023ರಲ್ಲೇ ಆಕ್ಷೇಪಿಸಿದ್ದು ಇದಕ್ಕೇ. ಹಸಿರಿನ ಹೆಸರಿನಲ್ಲಿ ಬಂದ ನಿಯಮ, ಹಿಂದಿನ ನಿಯಮ ಬೆಳೆಸಿದ್ದ ಎಲ್ಲಕ್ಕಿಂತ ಹಸಿರಾದ ಭಾಗವನ್ನು ಕೈಬಿಟ್ಟದ್ದು ನನಗೆ ನಿಜಕ್ಕೂ ನೋವಿನ ಸಂಗತಿ.

ಹೊಸ ಎಂಜಿನ್ ಓಡುವ ಮೊದಲೇ, 2025ರ ಆರಂಭದಲ್ಲಿ, ಎಫ್‌ಐಎ ಅಧ್ಯಕ್ಷ ಮೊಹಮ್ಮದ್ ಬೆನ್ ಸುಲಾಯೆಮ್ ಹೊಸ ಇಂಧನದಲ್ಲಿ ಓಡುವ ವಿ10ರ ಮಾತೆತ್ತಿದರು. ಏಪ್ರಿಲ್‌ನಲ್ಲಿ ಬಹ್ರೇನಿನಲ್ಲಿ ಕಂಪನಿಗಳ ಸಭೆ ಸೇರಿತು. ಆಡಿ, ಹೋಂಡಾ ವಿದ್ಯುತ್ತಿನ ಪಾಲನ್ನು ಬಿಡಲು ಒಪ್ಪಲಿಲ್ಲ. ಆಮೇಲೆ ಮಾತು ವಿ8ಕ್ಕೆ ಇಳಿಯಿತು. ಅಗ್ಗ, ಹಗುರ, ಸದ್ದು ಎಂಬ ಕಾರಣಗಳಲ್ಲಿ ಹುರುಳಿದೆ. ಆದರೆ ಮತ್ತೆ ಅದೇ ಸಿಲಿಂಡರಿನ ಎಣಿಕೆ, 2010ರ ಅದೇ ಜಗಳ. ಇಂಧನದ ಅಳತೆಯನ್ನು ಇನ್ನೂ ಬಿಗಿಮಾಡಿ, ಖರ್ಚಿನ ಮೇರೆಯನ್ನೂ ಉಳಿಸಿಕೊಂಡು, ಸಿಲಿಂಡರ್ ಎಷ್ಟಾದರೂ ಇರಲಿ ಎಂದು ಬಿಡುವ ಧೈರ್ಯ ಯಾರ ಮಾತಿನಲ್ಲೂ ಕೇಳಿಬರಲಿಲ್ಲ. ಲೆ ಮಾನ್‌ನಲ್ಲಿ ಅಂಥ ನಿಯಮವನ್ನು ಕೊಂದದ್ದು ಮಿತಿಯಿಲ್ಲದ ಖರ್ಚು. ಫಾರ್ಮುಲಾ ಒನ್‌ನಲ್ಲಿ ಈಗ ತಂಡದ ಖರ್ಚಿಗೂ, ಎಂಜಿನ್ ಮಾಡುವ ಖರ್ಚಿಗೂ ಮಿತಿ ಇದೆ. 2014ರಲ್ಲಿ ಸಾಧ್ಯವಾಗದ್ದು ಈಗ ಸಾಧ್ಯ.

ಇನ್ನು ಇಂಗಾಲದ ಲೆಕ್ಕದಲ್ಲಿ ಎಂಜಿನ್ ಬಿಟ್ಟು ಉಳಿದ ಶೇ 99.3. 2018ರಲ್ಲಿ 21 ಇದ್ದ ರೇಸು 2024ಕ್ಕೆ 24 ಆಯಿತು. ಜಪಾನ್ ರೇಸನ್ನು ಏಪ್ರಿಲಿಗೆ ತಂದದ್ದು, ಯುರೋಪಿನ ನಡುವೆ ಸಿಕ್ಕಿಕೊಂಡಿದ್ದ ಮಾಂಟ್ರಿಯಲ್ ರೇಸನ್ನು 2026ರಿಂದ ಮೇ ತಿಂಗಳಿಗೆ, ಮಯಾಮಿಯ ಬೆನ್ನಿಗೆ ಸರಿಸಿದ್ದು, ಯುರೋಪಿನಲ್ಲಿ ಡಿಎಚ್‌ಎಲ್ ಲಾರಿಗಳಿಗೆ ಜೈವಿಕ ಇಂಧನ ತುಂಬಿದ್ದು ಒಳ್ಳೆಯ ಕೆಲಸಗಳೇ. ನನಗೆ ಇದಕ್ಕಿಂತ ಬಿಗಿಯಾದದ್ದು ಬೇಕು. ಕಾರಿನ ಟ್ಯಾಂಕಿಗೆ ನೂರು ಕಿಲೊ ಎಂದು ಕಟ್ಟು ಹಾಕಿದ ಎಫ್‌ಐಎ, ಸಾಗರದಾಚೆಯ ಪ್ರತಿ ರೇಸಿಗೆ ಒಂದು ತಂಡ ಇಷ್ಟೇ ಸರಕು ವಿಮಾನಕ್ಕೆ ಹಾಕಬಹುದು ಎಂದೂ ಕಟ್ಟು ಹಾಕಲಿ. ವರ್ಷದಿಂದ ವರ್ಷಕ್ಕೆ ಅದನ್ನು ಇಳಿಸಲಿ. ಹಡಗಿನಲ್ಲಿ ಮೊದಲೇ ಕಳಿಸುವುದೋ, ಅಲ್ಲೇ ಬಾಡಿಗೆಗೆ ಪಡೆಯುವುದೋ, ಮನೆಯಲ್ಲೇ ಕೂತು ಕೆಲಸ ಮಾಡುವುದೋ, ದಾರಿ ತಂಡಕ್ಕೆ ಬಿಟ್ಟದ್ದು. ಆಗದ ಮಾತೇನಲ್ಲ. 2020ರ ಕೊರೊನಾ ಕಾಲದಲ್ಲಿ ಪ್ರಯಾಣ ಕಷ್ಟವಾದಾಗ ಫಾರ್ಮುಲಾ ಒನ್ ತನ್ನ ಟಿವಿ ಪ್ರಸಾರದ ಕೆಲಸದ ಬಹುಪಾಲನ್ನು ಇಂಗ್ಲೆಂಡಿನ ಬಿಗಿನ್ ಹಿಲ್‌ಗೆ ತಂದುಕೊಂಡಿತು. ರೇಸಿನಿಂದ ರೇಸಿಗೆ ಹೊತ್ತೊಯ್ಯುವ ಪ್ರಸಾರದ ಸಲಕರಣೆಯಲ್ಲಿ ಮೂರನೇ ಒಂದರಷ್ಟು ಇಳಿಯಿತು. ಮನೆಯಲ್ಲಿ ಕೂತು ರೇಸು ನೋಡಿದವರ ಕಣ್ಣಿಗೆ ವ್ಯತ್ಯಾಸವೇ ಕಾಣಲಿಲ್ಲ. ಕೊರೊನಾ ಹೋದ ಮೇಲೂ ಆ ವ್ಯವಸ್ಥೆ ಹಾಗೇ ಮುಂದುವರಿದಿದೆ.